ಅಕ್ಕನ ಮೇಜು, ತಂಗಿಯ ಮೇಜು: ತುಂಟ ಒಡಹುಟ್ಟಿದವರ ಶಾಲಾ ಅನಿಮೆ

ತಿಲಕ್ ನಗರದ ನಮ್ಮ ಮನೆಯಲ್ಲಿ ಭಾನುವಾರ ಸಂಜೆಯಾದರೆ ಅಣ್ಣನ ಮಕ್ಕಳಿಬ್ಬರ ನಡುವೆ ರಿಮೋಟಿಗಾಗಿ ಯುದ್ಧ. ಅಕ್ಕ ಏಳನೇ ಕ್ಲಾಸು, ತಮ್ಮ ನಾಲ್ಕನೇ ಕ್ಲಾಸು. ಈಚೆಗೊಂದು ಸಂಜೆ ಆ ಜಗಳ ತಾನಾಗಿ ನಿಂತಿತು. ಪರದೆಯ ಮೇಲೆ ಜಪಾನಿನ ಅಕ್ಕತಂಗಿಯರಿಬ್ಬರು ಇವರಿಗಿಂತ ಜೋರಾಗಿ ಕಿತ್ತಾಡುತ್ತಿದ್ದರು. ಕತ್ತಿ, ರಾಕ್ಷಸ, ಮಾಯಾಶಕ್ತಿ ಒಂದೂ ಇಲ್ಲದ ಅನಿಮೆ ಕೂಡ ಇರುತ್ತದೆ ಎಂಬುದೇ ಮಕ್ಕಳಿಗೆ ಹೊಸ ಸುದ್ದಿ. ನನಗೆ ಅದು ತೀರಾ ಪರಿಚಿತ ಮನೆಯಂತೆ ಕಂಡಿತು. ಆ ಮೊದಲ ನೋಟದ ಬೆನ್ನುಹತ್ತಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದು ಯಾವ ಬಗೆ?

ಜಪಾನಿನಲ್ಲಿ ತಯಾರಾಗುವ ಆನಿಮೇಷನ್ ಚಿತ್ರ, ಧಾರಾವಾಹಿಗಳಿಗೆ ಅನಿಮೆ ಎಂದು ಹೆಸರು. ಅವುಗಳಲ್ಲಿ ಹಲವು ಮೊದಲು ಮಾಂಗಾ, ಅಂದರೆ ಚಿತ್ರಕಥೆಯಾಗಿ ಪತ್ರಿಕೆಗಳಲ್ಲಿ ಬಂದವು. ಶಾಲೆ ಮತ್ತು ಮನೆಯನ್ನು ಕಟ್ಟಿಕೊಂಡ ಹಾಸ್ಯ ಅದರಲ್ಲಿ ಹಳೆಯ, ಗಟ್ಟಿಯಾದ ಕವಲು. ಕಥೆ ಎಂದು ದೊಡ್ಡದೇನೂ ಇರುವುದಿಲ್ಲ. ಮರೆತ ಹೋಂವರ್ಕ್, ಬಚ್ಚಿಟ್ಟ ಮಾರ್ಕ್ಸ್, ತಿಂಡಿಯ ಪಾಲು, ಅಕ್ಕನಿಂದ ತಂಗಿಗೆ ಇಳಿದು ಬಂದ ಹಳೆಯ ಬಟ್ಟೆ, ಇಷ್ಟರಲ್ಲೇ ಒಂದು ಕಂತು ಮುಗಿಯುತ್ತದೆ. ಮಕ್ಕಳಿಗೆ ವರ್ಷಗಟ್ಟಲೆ ವಯಸ್ಸೂ ಆಗುವುದಿಲ್ಲ.

ಚಿಬಿ ಮಾರುಕೊ-ಚಾನ್

ನಾವು ನೋಡಿದ್ದು ಇದನ್ನು. 'ಚಿಬಿ' ಎಂದರೆ ಚಿಕ್ಕದು, 'ಮಾರು' ಎಂದರೆ ದುಂಡು, 'ಚಾನ್' ಮಕ್ಕಳ ಹೆಸರಿನ ಕೊನೆಗೆ ಸೇರುವ ಮುದ್ದಿನ ಪ್ರತ್ಯಯ. ಕನ್ನಡದಲ್ಲಿ ಹೆಚ್ಚುಕಡಿಮೆ 'ಗುಂಡುಪುಟ್ಟಿ'. ಬರೆದವರು ಮೊಮೊಕೊ ಸಕುರಾ (1965–2018). 1986ರಲ್ಲಿ 'ರಿಬೊನ್' ಎಂಬ ಹುಡುಗಿಯರ ಪತ್ರಿಕೆಯಲ್ಲಿ ಮಾಂಗಾ ಶುರುವಾಯಿತು. ಕಥಾನಾಯಕಿಗೂ ಅವರದೇ ಹೆಸರು. ಅದು ಅವರದೇ ಬಾಲ್ಯ, 1974ರ ಸುಮಾರಿನ ಶಿಮಿಜು ಎಂಬ ಬಂದರು ಊರು. ಫ್ಯೂಜಿ ಟಿವಿಯಲ್ಲಿ 1990ರ ಜನವರಿ 7ರಂದು ಮೊದಲ ಕಂತು ಬಂತು. 1992ರಲ್ಲಿ ನಿಂತು, 1995ರಲ್ಲಿ ಮತ್ತೆ ಶುರುವಾಗಿ, ಇಂದಿಗೂ ಭಾನುವಾರ ಸಂಜೆ ಆರಕ್ಕೆ ಬರುತ್ತಿದೆ. 1990ರ ಅಕ್ಟೋಬರ್ 28ರ ಕಂತಿನ ವೀಕ್ಷಣೆಯ ಪ್ರಮಾಣ ಶೇ. 39.9 ಮುಟ್ಟಿತ್ತು. ಮುಕ್ತಾಯದ ಹಾಡಿನ ಸಾಹಿತ್ಯವೂ ಸಕುರಾ ಅವರದೇ. ಅದು ಆ ವರ್ಷ ಜಪಾನಿನ ಬೀದಿಬೀದಿಗಳಲ್ಲಿ ಕೇಳಿಸಿತು.

ಮಾರುಕೊ ಮೂರನೇ ತರಗತಿ, ಅಕ್ಕ ಸಕಿಕೊ ಆರನೇ ತರಗತಿ. ಇಬ್ಬರಿಗೂ ಒಂದೇ ಕೋಣೆ, ಅದರಲ್ಲಿ ಪಕ್ಕಪಕ್ಕ ಎರಡು ಓದುವ ಮೇಜು. ಜಗಳಗಳೆಲ್ಲ ಆ ಎರಡು ಮೇಜುಗಳ ನಡುವಿನ ಗಡಿಯಲ್ಲೇ ಹುಟ್ಟುತ್ತವೆ ಎನ್ನಬಹುದು. ಅಕ್ಕ ಅಚ್ಚುಕಟ್ಟು, ಮಿತಭಾಷಿ. ತಂಗಿ ಸೋಮಾರಿ, ಮಾತಿನಮಲ್ಲಿ, ಸುಳ್ಳು ಹೇಳಿ ಸಿಕ್ಕಿಬೀಳುವವಳು. ತಂಗಿಯ ಪರ ಸದಾ ವಕಾಲತ್ತು ವಹಿಸುವವನು ತಾತ ತೊಮೊಜೊ. ಬೇಸಿಗೆ ರಜೆಯ ಹೋಂವರ್ಕನ್ನು ಮಾರುಕೊ ಕೊನೆಯ ದಿನದವರೆಗೂ ಮುಟ್ಟದೆ, ಕಡೆಗೆ ಮನೆಮಂದಿಯೆಲ್ಲ ಕೂತು ಅದನ್ನು ಮುಗಿಸುವ ಕಥೆಯಿದೆ. ಅದನ್ನು ನೋಡುವಾಗ ನಮ್ಮ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ದಸರಾ ರಜೆ ಮುಗಿದು ಎರಡೇ ವಾರವಾಗಿತ್ತು.

ನನಗೆ ತುಂಬ ಹಿಡಿಸಿದ್ದು ಒಂದು ವಿಷಯ: ಮಾರುಕೊ ಒಳ್ಳೆಯ ಮಗುವಾಗಿ ಬದಲಾಗುವುದೇ ಇಲ್ಲ. ತಪ್ಪು ಮಾಡುತ್ತಾಳೆ, ನಾಚುತ್ತಾಳೆ, ಮುಂದಿನ ವಾರ ಮತ್ತದೇ ತಪ್ಪು. ಮಕ್ಕಳನ್ನು ತಿದ್ದುವ ಆತುರವಿಲ್ಲದ ಬರವಣಿಗೆ ಮಕ್ಕಳ ಮೇಲಿನ ನಿಜವಾದ ಪ್ರೀತಿಯಿಂದ ಮಾತ್ರ ಬರುತ್ತದೆ.

ಅದಕ್ಕೂ ಹಿಂದೆ: ಸಜಾಯೆ-ಸಾನ್

ಈ ಬಗೆಯ ತಾಯಿಬೇರು ಮಚಿಕೊ ಹಸೆಗಾವಾ (1920–1992) ಅವರ 'ಸಜಾಯೆ-ಸಾನ್'. 1946ರಲ್ಲಿ ಫುಕುಒಕಾದ ಪತ್ರಿಕೆಯೊಂದರಲ್ಲಿ ನಾಲ್ಕು ಚೌಕದ ಚಿತ್ರಕಥೆಯಾಗಿ ಶುರುವಾಗಿ, ಮುಂದೆ 'ಅಸಾಹಿ' ಪತ್ರಿಕೆಯಲ್ಲಿ 1974ರವರೆಗೆ ಬಂತು. ಟಿವಿಯಲ್ಲಿ 1969ರ ಅಕ್ಟೋಬರ್ 5ರಿಂದ ನಡೆಯುತ್ತಲೇ ಇದೆ. ಅತಿ ದೀರ್ಘಕಾಲದ ಆನಿಮೇಷನ್ ಧಾರಾವಾಹಿ ಎಂದು ಗಿನ್ನೆಸ್ ದಾಖಲೆಗೂ ಸೇರಿದೆ. ಮಾರುಕೊ ಮುಗಿದ ಕೂಡಲೇ ಆರೂವರೆಗೆ ಇದರ ಸರದಿ. ಇದು ಮುಗಿದರೆ ಭಾನುವಾರವೂ ಮುಗಿದಂತೆ, ಬೆಳಗಾದರೆ ಸೋಮವಾರ. ಆಗ ಎದೆಯಲ್ಲಿ ಮೂಡುವ ಸಂಕಟಕ್ಕೆ ಜಪಾನೀಯರು ಈ ಧಾರಾವಾಹಿಯ ಹೆಸರನ್ನೇ ಇಟ್ಟಿದ್ದಾರೆ.

ಪಾತ್ರಗಳ ಹೆಸರೆಲ್ಲ ಕಡಲಿನವು: ಕಥಾನಾಯಕಿ ಸಜಾಯೆ ಒಂದು ಶಂಖದ ಹುಳು, ಅವಳ ತಮ್ಮ ಕತ್ಸುಒ ಒಂದು ಜಾತಿಯ ಮೀನು, ತಂಗಿ ವಕಾಮೆ ಕಡಲ ಪಾಚಿ. ಐದನೇ ತರಗತಿಯ ಕತ್ಸುಒ ಸೊನ್ನೆ ಬಂದ ಉತ್ತರಪತ್ರಿಕೆ ಬಚ್ಚಿಡುವುದು, ಅದು ಅಪ್ಪನ ಕೈಗೆ ಸಿಕ್ಕು 'ಬಾಕಾಮೋನ್!' ಎಂಬ ಗುಡುಗು ಕೇಳಿಸುವುದು ಜಪಾನಿಗೆಲ್ಲ ಬಾಯಿಪಾಠ. ನಮ್ಮ ಕಡೆಯ ಅಪ್ಪಂದಿರಾದರೆ 'ಅವಿವೇಕಿ!' ಎನ್ನುತ್ತಿದ್ದರು.

ನಗು ಹುಟ್ಟುವ ಜೋಡಿ

ಜಪಾನಿನ ಹಾಸ್ಯದಲ್ಲಿ 'ಬೊಕೆ', 'ತ್ಸುಕ್ಕೊಮಿ' ಎಂಬ ಎರಡು ಪಾತ್ರಗಳಿವೆ. ಬೊಕೆ ಪೆದ್ದುಪೆದ್ದಾಗಿ ಏನೋ ಅನ್ನುವವನು, ತ್ಸುಕ್ಕೊಮಿ ಅವನನ್ನು ತಕ್ಷಣ ತಿವಿಯುವವನು. ವೇದಿಕೆಯ ಇಬ್ಬರ ಹಾಸ್ಯದಿಂದ ಬಂದ ಈ ಪದ್ಧತಿಗೆ ಒಡಹುಟ್ಟಿದವರು ಹೇಳಿ ಮಾಡಿಸಿದ ಜೋಡಿ. ಒಂದೇ ಸೂರಿನಡಿ ಬೆಳೆದವರಿಗಷ್ಟೇ ಒಬ್ಬರ ಸುಳ್ಳು ಇನ್ನೊಬ್ಬರಿಗೆ ಅರೆಕ್ಷಣದಲ್ಲಿ ಗೊತ್ತಾಗುತ್ತದೆ. ಮಾರುಕೊ ಕಥೆಯಲ್ಲಿ ಅಕ್ಕ ಸುಮ್ಮನಿದ್ದಾಗ ನಿರೂಪಕನೇ ತಿವಿಯುತ್ತಾನೆ, ತೆರೆಯ ಹಿಂದಿನಿಂದ ಒಂದೇ ಸಾಲಿನಲ್ಲಿ. ಯಕ್ಷಗಾನದಲ್ಲಿ ಹಾಸ್ಯಗಾರನನ್ನು ಭಾಗವತರು ಮಾತಿಗೆಳೆದು ಕಾಲೆಳೆಯುವುದನ್ನು ಕಂಡವರಿಗೆ ಇದು ಹೊಸದಲ್ಲ.

ಕೈಲಾಸಂ ಮನೆಯ ಪುಟ್ಟು, ಮಾಧು

ಪರೀಕ್ಷೆ ಮತ್ತು ಒಡಹುಟ್ಟಿದವರನ್ನು ಒಟ್ಟಿಗೆ ಇಟ್ಟು ನಗಿಸುವ ಕೆಲಸವನ್ನು ಕನ್ನಡ ಬಹಳ ಹಿಂದೆಯೇ ಮಾಡಿದೆ. ಟಿ.ಪಿ. ಕೈಲಾಸಂ (1884–1946) 'ಟೊಳ್ಳು ಗಟ್ಟಿ' ನಾಟಕ ಬರೆದದ್ದು 1918ರಲ್ಲಿ. ಓದಿನಲ್ಲಿ ಮುಂದಿರುವ ಪುಟ್ಟು, ಪರೀಕ್ಷೆಯಲ್ಲಿ ಹಿಂದೆ ಬೀಳುವ ಮಾಧು, ಮಾರ್ಕ್ಸಿನಿಂದಲೇ ಮಕ್ಕಳನ್ನು ಅಳೆಯುವ ಮನೆ. ಆ ಮನೆಗೆ ಬೆಂಕಿ ಬಿದ್ದಾಗ ಟೊಳ್ಳು ಯಾರು, ಗಟ್ಟಿ ಯಾರು ಎಂಬುದು ಬಯಲಾಗುತ್ತದೆ. ಅವರದೇ 'ಪೋಲಿ ಕಿಟ್ಟಿ'ಯಲ್ಲೂ ಪೋಲಿ ಎನಿಸಿಕೊಂಡ ಹುಡುಗನೇ ನಾಯಕ. ಸಿನಿಮಾಕ್ಕೆ ಬಂದರೆ 1980ರ 'ಮಕ್ಕಳ ಸೈನ್ಯ'. ನಟಿ ಲಕ್ಷ್ಮಿ ನಿರ್ದೇಶಿಸಿದ, ವಿಷ್ಣುವರ್ಧನ್ ನಟಿಸಿದ ಈ ಚಿತ್ರದಲ್ಲಿ ಮನೆತುಂಬ ಮಕ್ಕಳ ಕಿತಾಪತಿಯೇ ಕಥೆ.

ಆದರೆ ಇವೆಲ್ಲ ಬಿಡಿಬಿಡಿ ಕೃತಿಗಳು. ವಾರವಾರವೂ ಬಂದು, ಎರಡು ಮೂರು ತಲೆಮಾರು ಒಟ್ಟಿಗೆ ನೋಡುತ್ತ ಬೆಳೆಯುವಂಥ ಕನ್ನಡ ಮಕ್ಕಳ ಹಾಸ್ಯ ನಮ್ಮಲ್ಲಿ ಬೇರು ಬಿಡಲಿಲ್ಲ. ನನಗೆ ನೋವು ಕೊಡುವ ಕೊರತೆ ಇದು.

'ಅಕ್ಕ' ಎಂಬ ಪದ

ಮಾರುಕೊ ತನ್ನ ಅಕ್ಕನನ್ನು ಹೆಸರು ಹಿಡಿದು ಕೂಗುವುದಿಲ್ಲ, 'ಒನೇ-ಚಾನ್' ಎನ್ನುತ್ತಾಳೆ. ಅಣ್ಣನಾದರೆ 'ಒನೀ-ಚಾನ್'. ದೊಡ್ಡವರಿಗೆ ಒಂದು ಪದ, ಚಿಕ್ಕವರಿಗೆ ಇನ್ನೊಂದು: ನಮ್ಮ ಅಣ್ಣ–ತಮ್ಮ, ಅಕ್ಕ–ತಂಗಿ ಇದ್ದ ಹಾಗೆಯೇ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ, ಮಾತಾಡುವಾಗ ಹೆಸರು. ಹೀಗಾಗಿ ಇಂಗ್ಲಿಷ್ ಅಡಿಬರಹದಲ್ಲಿ ತಂಗಿಯ ಗೋಗರೆತವೂ ಸಿಟ್ಟೂ ಅರ್ಧಕ್ಕರ್ಧ ಸೋರಿಹೋಗುತ್ತವೆ. ತಿಲಕ್ ನಗರದ ಬೀದಿಯಲ್ಲಿ ಇದು ಸೋರುತ್ತಿರಲಿಲ್ಲ. ಇಲ್ಲಿ ಒಂದೇ ಸಾಲಿನ ಮನೆಗಳಲ್ಲಿ ಕನ್ನಡ, ಉರ್ದು, ತಮಿಳು ಕೇಳಿಸುತ್ತವೆ. ಒಂದು ಬಾಗಿಲಲ್ಲಿ 'ಅಕ್ಕಾ', ಪಕ್ಕದ ಬಾಗಿಲಲ್ಲಿ 'ಆಪಾ'. ಅಕ್ಕನಿಗೆಂದೇ ಒಂದು ಪದವಿಲ್ಲದ ಮನೆಯಿಲ್ಲ.

ಒಂದು ಸಣ್ಣ ವ್ಯತ್ಯಾಸವೂ ಉಂಟು. ಸಜಾಯೆಯ ಪುಟ್ಟ ಮಗ ತಾರಾ ತನ್ನ ಸೋದರಮಾವ ಕತ್ಸುಒನನ್ನು 'ಅಣ್ಣ' ಎಂದೇ ಕರೆಯುತ್ತಾನೆ, ವಯಸ್ಸು ನೋಡಿ. ನಮ್ಮಲ್ಲಿ ಹತ್ತು ವರ್ಷದ ಹುಡುಗನಾದರೂ ಅವನು 'ಮಾಮ'ನೇ.

ಕನ್ನಡದ ದನಿ

ಕನ್ನಡದಲ್ಲಿ ಡಬ್ಬಿಂಗಿಗೆ ದಶಕಗಳ ಕಾಲ ಅಘೋಷಿತ ತಡೆಯಿತ್ತು. ಸ್ಥಳೀಯ ಕಲಾವಿದರ ಅನ್ನ ಹೋದೀತು ಎಂಬ ಆತಂಕ ಅದರ ಹಿಂದಿತ್ತು, ಅದು ಸುಳ್ಳು ಆತಂಕವಲ್ಲ. ಆ ತಡೆಯ ನಡುವೆಯೇ ಮಕ್ಕಳಿಗೆಂದೇ ಕನ್ನಡದಲ್ಲಿ ಚಿಂಟು ಟಿವಿ ಎಂಬ ವಾಹಿನಿ ಬಂದದ್ದು 2009ರಲ್ಲಿ. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2015ರ ಜುಲೈನಲ್ಲಿ ಡಬ್ಬಿಂಗ್ ತಡೆ ತಪ್ಪೆಂದು ಆದೇಶಿಸಿತು. ಆದರೂ ದೊಡ್ಡ ಅನಿಮೆಗಳು ಇಂದಿಗೂ ಹಿಂದಿ, ತಮಿಳು, ತೆಲುಗಿನಲ್ಲಿ ಮೊದಲು ಮಾತಾಡುತ್ತವೆ. 2025ರ ಸೆಪ್ಟೆಂಬರಿನಲ್ಲಿ 'ಡೀಮನ್ ಸ್ಲೇಯರ್' ಚಿತ್ರ ಇಲ್ಲಿ ತೆರೆಕಂಡದ್ದೂ ಹಾಗೆಯೇ. ಕತ್ತಿಕಾಳಗಕ್ಕೆ ಭಾಷೆ ಕಮ್ಮಿಯಾದರೂ ನಡೆದೀತು. ಮನೆಯೊಳಗಿನ ಹಾಸ್ಯಕ್ಕೆ ನಡೆಯದು.

ನಮ್ಮಮ್ಮನಿಗೆ ಇಂಗ್ಲಿಷ್ ಅಡಿಬರಹ ಓದಲು ಬರುವುದಿಲ್ಲ. ಹಾಗಾಗಿ ನಾಲ್ಕನೇ ಕ್ಲಾಸಿನ ಹುಡುಗ ಅಜ್ಜಿಯ ಪಕ್ಕ ಕೂತು ಸಾಲುಸಾಲಾಗಿ ಕನ್ನಡದಲ್ಲಿ ಹೇಳುತ್ತ ಹೋಗುತ್ತಾನೆ. ಅಡಿಬರಹದಲ್ಲಿ ಏನೇ ಇರಲಿ, ಅವನ ಬಾಯಲ್ಲಿ ಅದು 'ಅಕ್ಕಾ, ಕೊಡೇ!' ಎಂದೇ ಬರುತ್ತದೆ. ಎರಡನೇ ಕಂತಿನ ಹೊತ್ತಿಗೆ ಏಳನೇ ಕ್ಲಾಸಿನ ಹುಡುಗಿ ಸಕಿಕೊಳ ಮಾತನ್ನು ತಾನೇ ಹೇಳತೊಡಗಿದಳು. ರಿಮೋಟು ಅಜ್ಜಿಯ ಮಡಿಲಲ್ಲಿತ್ತು.