ಬ್ರಿಟನ್ ಹೊರನಡೆದಾಗ ಜನ ಏನಂದರು?

2020ರ ಜನವರಿ 31ರ ರಾತ್ರಿ 11 ಗಂಟೆಗೆ ಬ್ರಿಟನ್ ಯೂರೋಪಿಯನ್ ಒಕ್ಕೂಟದಿಂದ ಹೊರಬಂತು. ಲಂಡನ್ನಿನ ಪಾರ್ಲಿಮೆಂಟ್ ಚೌಕದಲ್ಲಿ ಸಾವಿರಾರು ಮಂದಿ ಧ್ವಜ ಬೀಸಿ ಕುಣಿದರು. ಬಿಗ್ ಬೆನ್ ಗೋಪುರ ದುರಸ್ತಿಯಲ್ಲಿದ್ದುದರಿಂದ ಗಂಟೆಯ ಧ್ವನಿಮುದ್ರಿಕೆಯನ್ನೇ ಕೇಳಿ ತೃಪ್ತರಾದರು. ಅದೇ ರಾತ್ರಿ ಎಡಿನ್‌ಬರೋದಲ್ಲಿ ಸ್ಕಾಟಿಷ್ ಪಾರ್ಲಿಮೆಂಟಿನ ಹೊರಗೆ ಜನ ಮೇಣದಬತ್ತಿ ಹಿಡಿದು ನಿಂತಿದ್ದರು. ಒಂದೇ ಘಟನೆಗೆ ಒಂದು ಕಡೆ ಹಬ್ಬ, ಇನ್ನೊಂದು ಕಡೆ ಸೂತಕ. ಯಾಕೆ ಹೀಗೆ ಎಂದು ತಿಳಿಯಲು ನಾವು ತುಸು ಹಿಂದಕ್ಕೆ ಹೋಗಬೇಕು.

ಬ್ರಿಟನ್ 1973ರಲ್ಲಿ ಆಗಿನ ಯೂರೋಪಿಯನ್ ಆರ್ಥಿಕ ಸಮುದಾಯವನ್ನು ಸೇರಿತು. ಅದರಲ್ಲೇ ಉಳಿಯಬೇಕೇ ಎಂದು 1975ರ ಜೂನ್ 5ರಂದು ಜನಮತ ಕೇಳಲಾಯಿತು. ಶೇ. 67 ಮಂದಿ ಉಳಿಯೋಣ ಎಂದರು. ಆಗ ಹೌದು ಎಂದು ಪ್ರಚಾರ ಮಾಡಿದವರಲ್ಲಿ ಮಾರ್ಗರೆಟ್ ಥ್ಯಾಚರ್ ಒಬ್ಬರು! ವಿರೋಧಿಸಿದವರಲ್ಲಿ ಟೋನಿ ಬೆನ್‌ರಂತಹ ಎಡಪಂಥೀಯರು ಮುಂದಿದ್ದರು. ಇಂಗ್ಲೆಂಡಿನ ಎಲ್ಲ ಕೌಂಟಿಗಳೂ ಹೌದೆಂದವು. ಬೇಡವೆಂದದ್ದು ಸ್ಕಾಟ್‌ಲೆಂಡಿನ ಎರಡು ದ್ವೀಪ ಪ್ರದೇಶಗಳು ಮಾತ್ರ. 2016ರ ಜೂನ್ 23ರಂದು ಮತ್ತೆ ಕೇಳಿದಾಗ ಚಿತ್ರ ತಲೆಕೆಳಗಾಗಿತ್ತು. ಒಟ್ಟು ಶೇ. 51.9 ಮತ ಹೊರಹೋಗುವ ಪರ ಬಿದ್ದರೆ, ಸ್ಕಾಟ್‌ಲೆಂಡಿನ ಶೇ. 62 ಮಂದಿ ಉಳಿಯೋಣ ಎಂದರು. ಆ ಎರಡು ದ್ವೀಪ ಪ್ರದೇಶಗಳೂ ಈ ಸಲ ಅವರ ಜೊತೆಗಿದ್ದವು.

ಹೊರಹೋಗೋಣ ಎಂಬ ಕೂಗು ಅತ್ಯಂತ ಗಟ್ಟಿಯಾಗಿ ಎದ್ದದ್ದು ಬಾಸ್ಟನ್‌ನಲ್ಲಿ, ಶೇ. 75.6. ಇದು ಅಮೆರಿಕದ ಬಾಸ್ಟನ್ ಅಲ್ಲ, ಲಿಂಕನ್‌ಶೈರಿನ ಕೋಸು-ಹೂಕೋಸು ಹೊಲಗಳ ನಡುವಿನ ಪುಟ್ಟ ಪಟ್ಟಣ. 2004ರಲ್ಲಿ ಪೂರ್ವ ಯೂರೋಪಿನ ದೇಶಗಳು ಒಕ್ಕೂಟ ಸೇರಿದ ಮೇಲೆ ಪೋಲೆಂಡ್, ಲಿಥುವೇನಿಯಾದ ಕಾರ್ಮಿಕರು ಆ ಹೊಲಗಳಿಗೆ ಬಂದರು. ಮನೆ ಬಾಡಿಗೆ ಏರಿತು, ವೈದ್ಯರ ಬಳಿ ಸಾಲು ಉದ್ದವಾಯಿತು ಎಂದು ಊರಿನವರು ದೂರತೊಡಗಿದರು. ಈ ದೂರನ್ನೆಲ್ಲ ಜನಾಂಗ ದ್ವೇಷವೆಂದು ತಳ್ಳಿಹಾಕುವುದು ಸರಿಯಲ್ಲ. 2010ರಿಂದ ಸರಕಾರ ಸಾರ್ವಜನಿಕ ಸೇವೆಗಳ ಖರ್ಚು ಕಡಿತಗೊಳಿಸುತ್ತಾ ಬಂದಿತ್ತು. ಆದರೆ ಸಿಟ್ಟಿಗೆ ಕಣ್ಣೆದುರು ಸಿಕ್ಕಿದ್ದು ಪಕ್ಕದ ಮನೆಯ ಪೋಲಿಷ್ ಕೂಲಿಕಾರ.

ಆ ಸಿಟ್ಟನ್ನು ತಿರುಗಿಸಿದ ದಿಕ್ಕು ಮಾತ್ರ ಬೇರೆ. ಜೂನ್ 16ರಂದು ನೈಜೆಲ್ ಫರಾಜ್ ಅನಾವರಣಗೊಳಿಸಿದ ಭಿತ್ತಿಚಿತ್ರದಲ್ಲಿ ಪೋಲಿಷರಿರಲಿಲ್ಲ. 2015ರಲ್ಲಿ ಸ್ಲೊವೇನಿಯಾದ ಗಡಿಯಲ್ಲಿ ಸಾಲಾಗಿ ನಡೆಯುತ್ತಿದ್ದ ನಿರಾಶ್ರಿತರಿದ್ದರು. ಯುದ್ಧದಿಂದ ಓಡಿಬಂದ ಇವರಿಗೆ ಒಕ್ಕೂಟದ ಕಾನೂನಿನಲ್ಲಿ ಬ್ರಿಟನ್ನಿಗೆ ಬರುವ ಹಕ್ಕೇ ಇರಲಿಲ್ಲ. ಇನ್ನೊಂದು ಪ್ರಚಾರ ಫಲಕ ಟರ್ಕಿಯ ಕೋಟಿಗಟ್ಟಲೆ ಜನ ಬರಲಿದ್ದಾರೆಂದು ಬೆದರಿಸಿತು. ಟರ್ಕಿಯ ಸದಸ್ಯತ್ವದ ಮಾತುಕತೆಯಾದರೋ ವರ್ಷಗಳಿಂದ ಕುಂಟುತ್ತಿತ್ತು. ಮುಸ್ಲಿಮರ ಮುಖ ತೋರಿಸಿ ಪೋಲೆಂಡಿನ ಕ್ರೈಸ್ತರ ವಿರುದ್ಧ ಮತ ಕೇಳಿದ ಈ ಜಾಣತನವನ್ನು ಏನೆನ್ನೋಣ? ಆ ಭಿತ್ತಿಚಿತ್ರ ಹೊರಬಂದ ದಿನವೇ, ಸಿರಿಯಾದ ನಿರಾಶ್ರಿತರ ಪರ ದನಿಯೆತ್ತಿದ್ದ ಸಂಸದೆ ಜೋ ಕಾಕ್ಸ್ ಅವರನ್ನು ಒಬ್ಬ ಬಿಳಿಯ ಜನಾಂಗವಾದಿ ಕೊಂದ. ಅವರಿಗೆ 41 ವರ್ಷ.

ಫಲಿತಾಂಶದ ಬಳಿಕ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜನಾಂಗ, ಧರ್ಮದ ದ್ವೇಷದ ಅಪರಾಧಗಳು ಹಿಂದಿನ ವರ್ಷದ ಜುಲೈಗಿಂತ ಶೇ. 41ರಷ್ಟು ಹೆಚ್ಚಿದವು. ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿ ಪೋಲಿಷ್ ಸಾಂಸ್ಕೃತಿಕ ಕೇಂದ್ರದ ಬಾಗಿಲಿಗೆ ಬೈಗುಳ ಬಳಿದರು. ಮರುದಿನಗಳಲ್ಲಿ ಅಲ್ಲಿಗೆ ಹೂಗುಚ್ಛಗಳೂ ಬಂದವು ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಮರುಮತದಾನ ಬೇಕೆಂಬ ಅರ್ಜಿಗೆ 41 ಲಕ್ಷ ಸಹಿ ಬಿದ್ದರೂ ಸರಕಾರ ಒಪ್ಪಲಿಲ್ಲ.

ಹೊರಹೋಗೋಣ ಎಂದವರಲ್ಲಿ ನಮ್ಮ ಉಪಖಂಡದವರೂ ಇದ್ದರು. ಬ್ರಿಟನ್ನಿನ 'ಇಂಡಿಯನ್' ಹೊಟೇಲುಗಳಲ್ಲಿ ಬಹುಪಾಲು ನಡೆಸುವವರು ಬಾಂಗ್ಲಾದೇಶದ ಸಿಲ್ಹೆಟ್ ಮೂಲದ ಮುಸ್ಲಿಮರು. ಯೂರೋಪಿನವರ ಬರವು ನಿಂತರೆ ನಿಮ್ಮ ಊರಿನ ಅಡುಗೆಯವರಿಗೆ ವೀಸಾ ಸಲೀಸಾದೀತು ಎಂದು ಸಚಿವೆ ಪ್ರೀತಿ ಪಟೇಲ್ ಆಸೆ ತೋರಿಸಿದ್ದರು. ಹಲವು ಮಾಲಿಕರು ನಂಬಿ ಮತ ಹಾಕಿದರು. ಒಂದೆರಡು ವರ್ಷಗಳಲ್ಲೇ ಮೋಸ ಹೋದೆವೆಂದು ಗೊಣಗತೊಡಗಿದರು.

ಇತ್ತ ಯೂರೋಪಿಯನ್ನರಿಗೆ ಬ್ರಿಟನ್ನಿನಲ್ಲಿ ಉಳಿಯಲು ಅರ್ಜಿ ಹಾಕಬೇಕಾಗಿ ಬಂತು. ಅಂಥವರು 30 ಲಕ್ಷದ ಆಸುಪಾಸು ಇದ್ದಾರೆಂದು ಅಂದಾಜಿತ್ತು. 2021ರ ಜೂನ್ 30ರ ಗಡುವಿನ ಹೊತ್ತಿಗೆ ಬಂದ ಅರ್ಜಿಗಳು 60 ಲಕ್ಷ. ನಲ್ವತ್ತು ವರ್ಷ ಅಲ್ಲೇ ದುಡಿದು, ತೆರಿಗೆ ಕಟ್ಟಿ, ಮೊಮ್ಮಕ್ಕಳನ್ನು ಕಂಡ ಮುದುಕರೂ ತಾವು ವಾಸವಿರುವುದಕ್ಕೆ ಕಾಗದಪತ್ರ ಹುಡುಕಬೇಕಾಯಿತು.