ಪೇಟೆ ಕಟ್ಟಿದವನ ಪ್ರತಿಮೆ, ಊರಿಗೆ ಹೆಸರಿತ್ತವಳ ನೆನಪು

ಊರು ಕಟ್ಟಿದವರನ್ನು ಸ್ಮರಿಸುವುದು ನಮ್ಮ ನಾಡಿಗೆ ಹೊಸತಲ್ಲ. ಆದರೆ ಆ ಸ್ಮರಣೆಯನ್ನು ಎಲ್ಲಿ, ಯಾವ ರೂಪದಲ್ಲಿ ನಿಲ್ಲಿಸಬೇಕೆಂಬ ಭಾವನೆ ಕಾಲದಿಂದ ಕಾಲಕ್ಕೆ ಬದಲಾಗುತ್ತ ಬಂದಿದೆ. ಬೆಂಗಳೂರಿನ ಪೇಟೆಯನ್ನು ಕಟ್ಟಿಸಿದ ಯಲಹಂಕ ನಾಡಪ್ರಭು ಕೆಂಪೇಗೌಡನ ಪ್ರತಿಮೆಗಳು ಇದಕ್ಕೆ ಒಳ್ಳೆಯ ನಿದರ್ಶನ.

ಕೆಂಪೇಗೌಡನು ವಿಜಯನಗರದ ಸಾಮಂತ. 1537ರಲ್ಲಿ ಅವನು ಮಣ್ಣಿನ ಕೋಟೆಯೊಂದನ್ನು ಕಟ್ಟಿಸಿ ಅದರೊಳಗೆ ಪೇಟೆಯನ್ನು ನೆಲೆಗೊಳಿಸಿದನೆಂಬುದು ಸರ್ವವಿದಿತ. ಅಕ್ಕಿಪೇಟೆ, ರಾಗಿಪೇಟೆ, ಅರಳೇಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂಬ ಹೆಸರುಗಳನ್ನು ಓದಿದರೆ ಸಾಕು, ಅಲ್ಲಿ ಏನು ಮಾರಾಟವಾಗುತ್ತಿತ್ತು, ಯಾವ ಕಸುಬಿನವರು ಬಾಳುತ್ತಿದ್ದರು ಎಂಬುದು ತಿಳಿಯುತ್ತದೆ. ಇಲ್ಲಿ ಒಂದು ಮಾತನ್ನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳಬೇಕು. ಪೇಟೆ ಕೆಂಪೇಗೌಡನದಾದರೂ ಬೆಂಗಳೂರೆಂಬ ಹೆಸರು ಅವನಿಗಿಂತ ಬಹಳ ಹಳೆಯದು. ಸುಮಾರು 890ರ ಬೇಗೂರಿನ ವೀರಗಲ್ಲಿನ ಶಾಸನದಲ್ಲಿ ಬೆಂಗಳೂರಿನ ಕಾಳಗದ ಉಲ್ಲೇಖವಿದೆ. ಹೆಸರಿಗೆ ಮನುಷ್ಯರಿಗಿಂತ ದೀರ್ಘಾಯುಸ್ಸೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕೆಂಪೇಗೌಡನು 1569ರಲ್ಲಿ ತೀರಿಕೊಂಡನು. ಅನಂತರ 1609ರಲ್ಲಿ ಅವನ ಲೋಹದ ಪ್ರತಿಮೆಯನ್ನು ಶಿವಗಂಗೆಯ ಗಂಗಾಧರೇಶ್ವರ ದೇವಾಲಯದಲ್ಲಿ ಸ್ಥಾಪಿಸಲಾಯಿತು. ಅದು ದೇವರ ಸನ್ನಿಧಿಯಲ್ಲಿ ನಿಂತ ಪ್ರಭುವಿನ ಪ್ರತಿಮೆ. ನಾಲ್ಕು ಶತಮಾನಗಳು ಕಳೆದ ಮೇಲೆ, 2022ರ ನವೆಂಬರ್ 11ರಂದು, ಅವನ ಹೆಸರನ್ನೇ ಹೊತ್ತ ವಿಮಾನ ನಿಲ್ದಾಣದ ಬಳಿ 108 ಅಡಿ ಎತ್ತರದ ಕಂಚಿನ ಪ್ರತಿಮೆ ಅನಾವರಣಗೊಂಡಿತು. ಶಿಲ್ಪಿ ರಾಮ ಸುತಾರ. ಇದಕ್ಕೆ ಬಳಸಿದ ಕಂಚು 98 ಟನ್, ಉಕ್ಕು 120 ಟನ್. ಖಡ್ಗವೊಂದೇ 4 ಟನ್ ತೂಗುತ್ತದೆ. ಮೊದಲನೆಯದು ಭಕ್ತರು ಕಾಣಲೆಂದು, ಎರಡನೆಯದು ಲೋಕವೇ ಕಾಣಲೆಂದು ನಿಂತಿದೆ.

ಪ್ರತಿಮೆ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಪ್ರತಿಮೆಯೊಂದರಿಂದಲೇ ಇತಿಹಾಸ ಉಳಿಯುವುದಿಲ್ಲ. ಅವನ ಪೇಟೆಯ ಹೆದ್ದಾರಿಯಾಗಿದ್ದ ದೊಡ್ಡಪೇಟೆ ಇಂದು ಅವೆನ್ಯೂ ರಸ್ತೆ. ಅವನ ಕಾಲದ್ದೆನ್ನುವ ಧರ್ಮಾಂಬುಧಿ ಕೆರೆ ಬತ್ತಿ, ಅದರ ಅಂಗಳದಲ್ಲಿ ಅವನ ಹೆಸರಿನದೇ ಬಸ್ಸು ನಿಲ್ದಾಣವಿದೆ. ಕಟ್ಟಿದವನ ಹೆಸರು ಉಳಿಯಿತು, ಕಟ್ಟಿದ್ದು ಅಳಿಯಿತು.

ಈ ದೃಷ್ಟಿಯಿಂದ ನಮ್ಮ ಮಧೂರನ್ನು ನೋಡೋಣ. ಮಧುವಾಹಿನಿಯ ದಡದಲ್ಲಿರುವ ಮದನಂತೇಶ್ವರ ಸಿದ್ಧಿವಿನಾಯಕ ದೇವಾಲಯಕ್ಕೆ ಬರುವವರು ಗಣಪತಿಯ ದರ್ಶನಕ್ಕೆಂದೇ ಬರುವವರು. ಆದರೆ ಇಲ್ಲಿನ ಪ್ರಧಾನ ದೇವರು ಶಿವ. ಆ ಉದ್ಭವಲಿಂಗವನ್ನು ಮೊದಲು ಕಂಡವಳು ಮದರು ಎಂಬ ಮೊಗೇರ ಸಮಾಜದ ಹೆಂಗಸು. ದೇವರಿಗೆ ಮದನಂತೇಶ್ವರನೆಂದೂ ಊರಿಗೆ ಮಧೂರೆಂದೂ ಹೆಸರು ಬಂದುದು ಅವಳಿಂದಲೇ ಎಂಬುದು ಇಲ್ಲಿನ ಐತಿಹ್ಯ. ಐತಿಹ್ಯವು ಶಾಸನಕ್ಕೆ ಸಮನಲ್ಲ ನಿಜ. ಆದರೂ ದಲಿತ ಹೆಂಗಸೊಬ್ಬಳನ್ನು ಊರಿನ ಮೂಲವೆಂದು ತಲೆತಲಾಂತರ ಹೇಳಿಕೊಂಡು ಬಂದ ಜನರ ಮಾತನ್ನು ಇತಿಹಾಸಕಾರನು ಕಡೆಗಣಿಸಲಾಗದು. ನಾಡಪ್ರಭುವಿಗೆ ಕೋಟೆಯಿತ್ತು, ಬೊಕ್ಕಸವಿತ್ತು, ವಂಶವಿತ್ತು. ಮದರುವಿನ ನೆನಪಿಗೆ ಆಧಾರ ಊರವರ ನಾಲಗೆಯೇ. ದಿನಕ್ಕೆ ನೂರು ಬಾರಿ ‘ಮಧೂರು’ ಎನ್ನುವಾಗ ನಾವು ಅರಿಯದೆಯೇ ಅವಳನ್ನು ಕರೆಯುತ್ತೇವೆ.

ಆದ್ದರಿಂದಲೇ 2021ರ ಜೂನ್ ತಿಂಗಳಲ್ಲಿ ಹಬ್ಬಿದ ಸುದ್ದಿ ಗಡಿನಾಡಿನ ಕನ್ನಡಿಗರನ್ನು ಕಳವಳಗೊಳಿಸಿತು. ಕಾಸರಗೋಡಿನ ಕೆಲವು ಊರುಗಳ ಹೆಸರು ಮಲಯಾಳದ ರೂಪಕ್ಕೆ ಬದಲಾಗುವುದೆಂದೂ ಮಧೂರು ‘ಮಧುರಂ’ ಆಗುವುದೆಂದೂ ವರದಿಗಳು ಬಂದವು. ಅಂತಹ ಪ್ರಸ್ತಾಪವಿಲ್ಲವೆಂದು ಕೇರಳದ ಕಡೆಯಿಂದ ಸ್ಪಷ್ಟನೆ ಬಂದುದು ಸಮಾಧಾನದ ವಿಷಯ. ಮಧುರವೆಂಬುದು ಸವಿಯಾದ ಮಾತೇ. ಅದರಲ್ಲಿ ಯಾವ ಕೇಡೂ ಇಲ್ಲ. ಆದರೆ ಆ ಮಾತಿನಲ್ಲಿ ಮದರು ಇರುವುದಿಲ್ಲ. ಆಜ್ಞೆಯಿಲ್ಲದೆಯೂ ಫಲಕಗಳಲ್ಲಿ, ಕಡತಗಳಲ್ಲಿ ಅಕ್ಷರ ಜಾರಿ ಹೆಸರು ಕೆಡಬಹುದು ಎಂಬುದನ್ನು ಮರೆಯಬಾರದು.

ಇಲ್ಲಿ ಅಧ್ಯಾಪಕರ ಹೊಣೆ ದೊಡ್ಡದು. ನಮ್ಮ ಶಾಲೆಗಳ ಮಕ್ಕಳು ತಮ್ಮ ಮನೆಯ ಹಿರಿಯರನ್ನು ಕೇಳಿ ಬೈಲು, ಗುಡ್ಡೆ, ಕಟ್ಟೆ, ತೋಡುಗಳ ಹೆಸರುಗಳನ್ನೂ ಅವುಗಳ ಹಿಂದಿನ ಕಥೆಗಳನ್ನೂ ಬರೆದಿಡಲಿ. ಕನ್ನಡ, ತುಳು, ಮಲಯಾಳ, ಯಾವ ನುಡಿಯ ಹೆಸರಾದರೂ ಸರಿ, ಜನರ ಬಾಯಲ್ಲಿರುವಂತೆಯೇ ದಾಖಲಾಗಲಿ. ಕಂಚಿನ ಪ್ರತಿಮೆಗೆ ಕೋಟಿಗಟ್ಟಲೆ ಹಣ ಬೇಕು. ಈ ಕೆಲಸಕ್ಕೆ ಒಂದು ನೋಟುಪುಸ್ತಕ ಸಾಕು.