ಹಕ್ಕಿಯ ಹತ್ತಿರ ಹೋದವರು

ಊರಿನಿಂದ ಬಂದ ನೆಂಟರಿಗೆ ತಾಜಮಹಲನ್ನು ತೋರಿಸಲು ಹೊರಡುವ ದೆಹಲಿಯ ಕನ್ನಡ ಕುಟುಂಬಗಳು ಬಿಡುವಿದ್ದರೆ ಭರತಪುರದ ಪಕ್ಷಿಧಾಮಕ್ಕೂ ಹೋಗಿ ಬರುವುದುಂಟು. ಆಗ್ರಾದಿಂದ ಅಲ್ಲಿಗೆ ಸುಮಾರು 55 ಕಿ.ಮೀ. ಅಲ್ಲಿಯ ಕೇವಲಾದೇವ ಗುಡಿಯ ಬಳಿ ಕಲ್ಲಿನಲ್ಲಿ ಕೊರೆದ ಒಂದು ಲೆಕ್ಕಪತ್ರವಿದೆ. ಯಾವ ದಿನ ಯಾವ ಅತಿಥಿ ಬಂದರು, ಎಷ್ಟು ಹಕ್ಕಿಗಳನ್ನು ಹೊಡೆದರು ಎಂಬುದೇ ಅದರ ವಿವರ. 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್‌ಗೋ ಅವರ ತಂಡ ಒಂದೇ ದಿನದಲ್ಲಿ ಕೊಂದ ಹಕ್ಕಿಗಳು 4,273. ಅಂಕಿಗಳ ನಡುವೆಯೇ ಜೀವನ ಸಾಗಿಸುವ ನನ್ನಂಥ ಗುಮಾಸ್ತನಿಗೂ ಅದನ್ನು ಓದಿ ಮೈ ಜುಮ್ಮೆಂದಿತು.

ಇಂದು ಅದೇ ದಾರಿಯಲ್ಲಿ ಜನ ಕ್ಯಾಮರಾ ಹಿಡಿದು ಸೈಕಲ್ ರಿಕ್ಷಾಗಳಲ್ಲಿ ಸಾಗುತ್ತಾರೆ. ಕೋವಿ ಹೋಯಿತು, ಕ್ಯಾಮರಾ ಬಂತು, ಹಕ್ಕಿ ಬದುಕಿತು ಎಂದು ನಾವು ಸಮಾಧಾನಪಡುತ್ತೇವೆ. ಆದರೆ ಕ್ಯಾಮರಾ ಹಕ್ಕಿಯ ಹತ್ತಿರ ಹೋದ ಚರಿತ್ರೆಯನ್ನು ನೋಡಿದರೆ ವಿಷಯ ಅಷ್ಟು ಸರಳವಲ್ಲವೆಂದು ತಿಳಿಯುತ್ತದೆ.

ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಹಳ್ಳಿಯೊಂದರಲ್ಲಿ ಹುಟ್ಟಿದ ರಿಚರ್ಡ್ ಮತ್ತು ಚೆರ್ರಿ ಕಿಯರ್ಟನ್ ಎಂಬ ಅಣ್ಣತಮ್ಮಂದಿರು 1892ರಲ್ಲಿ ಮೊಟ್ಟೆಗಳಿದ್ದ ಹಕ್ಕಿಗೂಡೊಂದರ ಚಿತ್ರ ತೆಗೆದರು. ಬ್ರಿಟನ್ನಿನ ಹಕ್ಕಿಗೂಡುಗಳನ್ನು ಕುರಿತ ಅವರ ಸಚಿತ್ರ ಗ್ರಂಥ 1895ರಲ್ಲಿ ಹೊರಬಂತು. ಆಗಿನ ಕ್ಯಾಮರಾ ಎಂದರೆ ಮರದ ಪೆಟ್ಟಿಗೆ ಮತ್ತು ಗಾಜಿನ ಫಲಕ. ದೂರದ ಹಕ್ಕಿಯನ್ನು ಹಿಗ್ಗಿಸಿ ತೋರಿಸುವ ಮಸೂರ ಸುಲಭವಾಗಿ ದೊರೆಯುವಂತಿರಲಿಲ್ಲ. ಆದ್ದರಿಂದ ಹತ್ತಿರ ಹೋಗದೆ ಗತಿಯಿಲ್ಲ. ಹಾರುವ ಹಕ್ಕಿ ತಪ್ಪದೆ ಮರಳಿ ಬರುವ ಜಾಗವಾದರೂ ಯಾವುದು? ಗೂಡು. ಹೀಗೆ ಆ ಕಾಲದ ಪಕ್ಷಿಛಾಯಾಗ್ರಹಣ ಬಹುಮಟ್ಟಿಗೆ ಗೂಡಿನ ಛಾಯಾಗ್ರಹಣವೇ ಆಯಿತು.

ಮನುಷ್ಯನ ಆಕಾರ ಕಂಡರೆ ಹಕ್ಕಿ ಹೆದರುತ್ತದೆ, ಮೇಯುವ ದನಕ್ಕೆ ಹೆದರುವುದಿಲ್ಲ. ಇದನ್ನರಿತ ಕಿಯರ್ಟನ್ ಸಹೋದರರು ಟೊಳ್ಳಾದ ಎತ್ತೊಂದನ್ನು ಮಾಡಿಸಿ, ಅದರೊಳಗೆ ಕ್ಯಾಮರಾದೊಡನೆ ಬಗ್ಗಿ ನಿಂತು ಕಾಯುತ್ತಿದ್ದರು. ಒಮ್ಮೆ ಆ ಎತ್ತು ಒಳಗಿದ್ದವರ ಸಮೇತ ಮಗುಚಿ ಬಿದ್ದದ್ದೂ ಉಂಟು. ಮುಂದೆ ಎತ್ತಿನ ಬದಲು ಬಟ್ಟೆಯ ಮರೆಗೂಡು ರೂಢಿಗೆ ಬಂತು. ಇಬ್ಬರು ಒಳಹೊಕ್ಕು ಒಬ್ಬ ಹೊರಟುಹೋದರೆ, ಲೆಕ್ಕ ಬಾರದ ಹಕ್ಕಿ ಮರೆ ಬರಿದಾಯಿತೆಂದು ನಂಬಿ ಗೂಡಿಗೆ ಮರಳುತ್ತಿತ್ತು. ಹಕ್ಕಿ ಎದುರು ತಿರುಗಿದ್ದೂ ಇದೆ. 1937ರಲ್ಲಿ ವೇಲ್ಸ್‌ನಲ್ಲಿ ಗೂಬೆಯ ಚಿತ್ರ ತೆಗೆಯಲು ಹೋದ ಎರಿಕ್ ಹಾಸ್ಕಿಂಗ್ ಅದರ ಉಗುರಿಗೆ ಎಡಗಣ್ಣನ್ನೇ ತೆತ್ತರು. ಆದರೂ ಕ್ಯಾಮರಾ ಬಿಡಲಿಲ್ಲ.

ನಮ್ಮ ದೇಶಕ್ಕೂ ಈ ಹವ್ಯಾಸ ಬಂತು. ಇಲ್ಲಿ ರೈಲ್ವೆಯಲ್ಲಿದ್ದ ಇ. ಎಚ್. ಎನ್. ಲೋಥರ್ ಎಂಬವರು ಭಾರತದ ಹಕ್ಕಿಗಳ ಚಿತ್ರ ತೆಗೆದ ತಮ್ಮ ಅನುಭವಗಳನ್ನು 1949ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಯುದ್ಧಕಾಲದಲ್ಲಿ ಆಶ್ರಯ ಬಯಸಿ ಮುಂಬಯಿಗೆ ಬಂದ ಮಲಯದ ಶ್ರೀಮಂತ ಲೋಕ್ ವಾನ್ ಥೋ, ಸಲೀಂ ಅಲಿಯವರೊಡನೆ ಸುತ್ತಾಡಿ ಹಕ್ಕಿಗಳನ್ನು ಚಿತ್ರಿಸಿದರು. ಕರ್ನಾಟಕದಲ್ಲಿ ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್ ಮತ್ತು ರಾಜ್ಯದ ಅರ್ಥಸಚಿವರೂ ಆಗಿದ್ದ ಸಂಡೂರಿನ ಎಂ. ವೈ. ಘೋರ್ಪಡೆ ಈ ಕಲೆಗೆ ದೊಡ್ಡ ಹೆಸರು ತಂದರು.

ಆದರೆ ಗೂಡಿನ ಚಿತ್ರಕ್ಕೆ ಬೆಲೆ ತೆರುವುದು ಹಕ್ಕಿ. ಗೂಡು ಕಾಣಲೆಂದು ಅಡ್ಡವಿದ್ದ ರೆಂಬೆ ಸರಿಸಿದರೆ ಮರಿಗಳಿಗೆ ಬಿಸಿಲು ಬಡಿಯುತ್ತದೆ, ಕಾಗೆಗೆ ದಾರಿ ತೋರಿದಂತಾಗುತ್ತದೆ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಕ್ಕಿಯ ಗೂಡಿಗೆ ತೊಂದರೆ ಕೊಡುವುದನ್ನೂ ಬೇಟೆ ಎಂಬ ಪದದ ಅರ್ಥದಲ್ಲಿಯೇ ಸೇರಿಸಿದೆ. ಇಂದು ಎಷ್ಟೋ ಛಾಯಾಚಿತ್ರ ಸ್ಪರ್ಧೆಗಳು ಗೂಡಿನ ಚಿತ್ರವನ್ನು ಸ್ವೀಕರಿಸುವುದಿಲ್ಲ. ಅದರ ಅಗತ್ಯವೂ ಉಳಿದಿಲ್ಲ. 50 ಮಿ.ಮೀ. ಮಸೂರಕ್ಕೆ 10 ಅಡಿಯಿಂದ ಎಷ್ಟು ದೊಡ್ಡದಾಗಿ ಕಾಣುವುದೋ, 400 ಮಿ.ಮೀ. ಮಸೂರಕ್ಕೆ 80 ಅಡಿಯಿಂದಲೂ ಅಷ್ಟೇ ಕಾಣುತ್ತದೆ.

ಆದರೆ ನಮ್ಮ ನಿಮ್ಮ ಕೈಯಲ್ಲಿರುವುದು ಅಂಥ ಮಸೂರವಲ್ಲ, ಮೊಬೈಲ್ ಫೋನು. ಅದು ನಮ್ಮನ್ನು ಮತ್ತೆ 1892ಕ್ಕೆ ಕರೆದೊಯ್ದಿದೆ. ಹತ್ತಿರ ಹೋಗದೆ ಚಿತ್ರ ಬಾರದು. ಎರಡು ವರ್ಷಗಳ ಹಿಂದೆ ಎಲ್.ಟಿ.ಸಿ. ಪಡೆದು ಊರಿಗೆ ಹೋದಾಗ ಮಾವನವರ ಹಿತ್ತಲಿನ ದಾಸವಾಳದ ಗಿಡದಲ್ಲಿ ಪಿಕಳಾರದ ಗೂಡಿತ್ತು, ಎರಡು ಮರಿಗಳಿದ್ದವು. ದೆಹಲಿಯಲ್ಲಿ ಬೆಳೆದ ಮಗಳಿಗೆ ತೋರಿಸುವ ಉತ್ಸಾಹದಲ್ಲಿ ಅಡ್ಡವಿದ್ದ ಎರಡು ರೆಂಬೆಗಳನ್ನು ದಾರದಿಂದ ಹಿಂದಕ್ಕೆ ಕಟ್ಟಿ ಚಿತ್ರ ತೆಗೆದೆ. ಊಟಕ್ಕೆ ಕರೆದರು, ದಾರ ಬಿಚ್ಚುವುದು ಮರೆತೆ. ಮರುದಿನ ಬೆಳಿಗ್ಗೆ ಗೂಡು ಬರಿದಾಗಿತ್ತು. ತಾಯಿಹಕ್ಕಿ ಬಾಯಲ್ಲಿ ಹುಳು ಕಚ್ಚಿಕೊಂಡು ತಂತಿಯ ಮೇಲೆ ಕುಳಿತಿತ್ತು. "ಅಪ್ಪಾ, ಮರಿ ಎಲ್ಲಿ?" ಎಂದು ಮಗಳು ಕೇಳಿದಳು. ಬಿ.ಎಸ್‌ಸಿ. ಓದಿದವನ ಬಳಿ ಉತ್ತರವಿತ್ತು, ಹೇಳುವ ಬಾಯಿ ಇರಲಿಲ್ಲ.

ಅದೇ ಪ್ರಯಾಣದಲ್ಲಿ ರಂಗನತಿಟ್ಟಿಗೆ ಹೋದೆವು. ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಸಂಸ್ಥಾನ 1940ರಲ್ಲಿ ರಕ್ಷಿಸಿದ ದ್ವೀಪಗಳಿವು. ದೋಣಿಯಿಂದ ಕೆಲವೇ ಗಜ ದೂರದಲ್ಲಿ ಬಣ್ಣದ ಕೊಕ್ಕರೆಗಳು ನಿರ್ಭಯವಾಗಿ ಕುಳಿತಿದ್ದವು. ದಿನವೂ ಬಂದು ಹೋಗುವ ದೋಣಿ ಅವಕ್ಕೆ ಅಪರಿಚಿತವಲ್ಲ. ಭರತಪುರದ ರಿಕ್ಷಾವೂ ಹಾಗೆಯೇ. ಇವೇ ನಮ್ಮ ಪಾಲಿನ ಕಿಯರ್ಟನ್ನರ ಎತ್ತುಗಳು. ಓದುಗ ಬಾಂಧವರು ಮಕ್ಕಳೊಡನೆ ಹೋದಾಗ ಅವುಗಳಿಂದ ಕೆಳಗಿಳಿಯದೆ, ಸದ್ದು ಮಾಡದೆ ಕುಳಿತರೆ ಸಾಕು. ಎಷ್ಟು ಹತ್ತಿರವೆಂಬುದನ್ನು ಹಕ್ಕಿಯೇ ನಿರ್ಧರಿಸಲಿ. ಅಂದು ಮಗಳು ತೆಗೆದ ಕೊಕ್ಕರೆಯ ಚಿತ್ರ ತುಸು ಅಲುಗಿದೆ. ಅದನ್ನೇ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇವೆ. ಪಿಕಳಾರದ ಮರಿಗಳ ಚಿತ್ರ ಬಹಳ ಸ್ಪಷ್ಟವಾಗಿ ಬಂದಿದೆ. ಅದನ್ನು ಇಂದಿಗೂ ಯಾರಿಗೂ ತೋರಿಸಿಲ್ಲ.